ಹಿತ್ತಾಳೆಗೆ ಕೊಟ್ಟ ಉಸಿರು

ಧರೆಪ್ಪ ಮಾಸ್ತರ ಚಿಂಚಲಿಯಲ್ಲಿ ಕಾರ್ನೆಟ್ಟು ಊದಿದರೆ ಕುಡಚಿಯಲ್ಲಿ ಕಟ್ಟಿದ ಎಮ್ಮೆ ಕರುವಿಲ್ಲದೆಯೇ ಹಾಲು ಬಿಡುತ್ತಿತ್ತು. ಸುಳ್ಳೆನ್ನುವವರು ಕುಡಚಿಗೆ ಹೋಗಿ ಎಮ್ಮೆಯನ್ನೇ ಕೇಳಲಿ. ಅಂಥ ಮಾಸ್ತರ ಆ ದಿನ ಬೆಳಿಗ್ಗೆ ಹಿತ್ತಲ ಬೇಲಿಯ ಬದಿಗೆ ನಿಂತು, ತನ್ನ ಮೂತ್ರ ಗುಲಾಲು ಕದಡಿದ ನೀರಿನ ಹಾಗೆ ಕೆಂಪಗೆ ಬದನೆ ಗಿಡದ ಬುಡಕ್ಕೆ ಬೀಳುವುದನ್ನು ನೋಡುತ್ತಿದ್ದ. ಅದು ಗುಳಿಗೆಯ ಬಣ್ಣ, ಹೆದರಬೇಡ ಎಂದು ಮಿರಜದ ಡಾಕ್ಟರು ಮೊದಲೇ ಹೇಳಿದ್ದರು. ಹೆದರುವ ಮಾತೇ ಇರಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಇಡೀ ಸೀಮೆಯಲ್ಲಿ ಯಾವ ಸಾಹುಕಾರನ ಮೈಯಿಂದಲೂ ಹೊರಡದ ಬಣ್ಣ ತನ್ನ ಮೈಯಿಂದ ಹೊರಡುತ್ತಿದೆ ಎಂಬುದರಲ್ಲಿ ಒಂದು ದೊಡ್ಡಸ್ತಿಕೆಯೇ ಇತ್ತು. ಬದನೆ ಗಿಡವೂ ಅದನ್ನು ಕುಡಿದು ಆ ವರ್ಷ ಕುಂಬಳದ ಗಾತ್ರದ ಕಾಯಿ ಬಿಟ್ಟಿತ್ತು. ಧರೆಪ್ಪನಿಗೆ ಕಳವಳವಿದ್ದದ್ದು ಬೇರೆಯದಕ್ಕೆ. ನಿಪ್ಪಾಣಿ, ಚಿಕ್ಕೋಡಿಗಳ ನಂತರ, ಸಂಜೆ ಅಥಣಿಯಲ್ಲಿ ಅವನ ಬ್ಯಾಂಡಿನ ಕ್ಯಾಸೆಟ್ಟು ಬಿಡುಗಡೆಯ ಕಾರ್ಯಕ್ರಮವಿತ್ತು. ಬಾರಿಸುವುದಕ್ಕೆ ಮುಂಚೆ, ಜನರೆದುರಿಗೆ, ಉಸಿರು ಕೊಡುವ ಶಾಸ್ತ್ರ ಮಾಡಬೇಕಿತ್ತು.

ಹೆಂಡತಿ ಕೆಂಚವ್ವ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಅವನ ಕಪ್ಪು ಬೇರೆ, ತಾಟು ಬೇರೆ, ಗುರುತಿಗೆಂದು ತಾಟಿನ ಅಂಚಿಗೆ ಅವನೇ ಮೊಳೆಯಿಂದ ಎಳೆದ ಗೀರು. ಹಾಸಿಗೆ ಬೇರೆ, ಟವೆಲು ಬೇರೆ, ಉಗುಳುವುದಕ್ಕೆ ಬೂದಿ ತುಂಬಿದ ಡಬ್ಬಿ ಬೇರೆ. ಡಾಕ್ಟರು ಒಂದು ಮಾತು ಹೇಳಿದರೆ ಧರೆಪ್ಪ ಹತ್ತು ಮಾಡುವವನು. ಹೆಂಡತಿ ಮರೆತು ಆ ತಾಟನ್ನು ಮುಟ್ಟಿದ ದಿನ ಅವಳ ಕೈಯನ್ನು ಸೋಪಿನಿಂದ ಎಷ್ಟು ತಿಕ್ಕಿಸಿದ್ದನೆಂದರೆ ಹಸ್ತದ ರೇಖೆ ಅಳಿಸಿ, ಮುಂದೆ ಯಾವ ಜೋಯಿಸನಿಗೂ ಅವಳ ಭವಿಷ್ಯ ಸಿಗಲಿಲ್ಲ. ಮನೆಯಲ್ಲಿದ್ದ ಅಕ್ಕನ ಮಗ ಸಿದರಾಯನಿಗೆ ಮಾತ್ರ ಇದೆಲ್ಲ ಪಿತ್ತದ ಪಥ್ಯವೆಂದು ಹೇಳಿತ್ತು. ಸಿದರಾಯ ಬ್ಯಾಂಡಿನ ಎರಡನೆಯ ಕಾರ್ನೆಟ್ಟು. ಮಾವ ಹೇಳಿದ್ದನ್ನು ನಂಬುವುದು ಅವನ ಕೆಲಸದ ಭಾಗವೇ ಆಗಿತ್ತು.

"ಇವತ್ತ ಏನ ಮಾಡಾವ್ರು?" ಎಂದಳು ಕೆಂಚವ್ವ.

"ಏನ ಮಾಡೂದು? ಊದೂದು. ಅಥಣಿ ಮಂದಿ ಕಿವಿ ತೊಳಕೊಂಡ ಕುಂತಾರ."

"ಊದಬ್ಯಾಡಂತ ಹೇಳ್ಯಾರಲ್ಲ."

"ಡಾಕ್ಟರೇನ ಕಾರ್ನೆಟ್ ಊದ್ಯಾನೇನ? ಅಂವಗ ಕೇಳಾಕ ಬರ್ತೈತಿ, ಎದಿ ಮ್ಯಾಲ ನಳಿಗಿ ಇಟ್ಟ. ನಾನ ಊದಿದ್ರ ಅಂವನ ನಳಿಗಿ ಒಡೀತೈತಿ."

"ನಿಮ್ಮ ಎದೀದ ನೀವ ನೋಡ್ಕೋರಿ. ಆ ಹುಡುಗರ್ದ ಹೇಳ್ರಿ." ಅವಳು ಧ್ವನಿ ಇಳಿಸಿದಳು; ಒಳಗೆ ಸಿದರಾಯ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. "ನನಗ ತಾಟ ಮುಟ್ಟಗೊಡೂದಿಲ್ಲ ನೀವು. ನಿಪ್ಪಾಣ್ಯಾಗ ಎಲ್ಲಾರ ಪೀಪಿಗೂ ಬಾಯಿ ಹಚ್ಚಿ ಬಂದೀರಿ."

"ಅದು ತಾಟಲ್ಲ. ಹಿತ್ತಾಳಿ. ಹಿತ್ತಾಳಿಗಿ ಎಂಜಲಿಲ್ಲ."

ಕೆಂಚವ್ವ ಅವನನ್ನೇ ನೋಡಿದಳು. ಅವಳು ಏನಾದರೂ ಅಂದಿದ್ದರೆ ಧರೆಪ್ಪ ಗೆಲ್ಲುತ್ತಿದ್ದ. ಮಾತಿನಲ್ಲಿ ಅವನನ್ನು ಸೋಲಿಸಿದವರು ಇನ್ನೂ ಹುಟ್ಟಿರಲಿಲ್ಲ. ಒಳಗೆ ಸಿದರಾಯ ಕೆಮ್ಮಿದ. ಒಂದೇ ಕೆಮ್ಮು, ಒಣದು, ಬಾಗಿಲಿಗೆ ಬೆರಳಿನಿಂದ ಕುಟ್ಟಿದ ಹಾಗೆ. ಇಬ್ಬರೂ ಬಾಗಿಲ ಕಡೆ ತಿರುಗಿದರು.

ಹಿತ್ತಾಳೆಗೆ ಎಂಜಲಿಲ್ಲ ಎನ್ನುವುದು ಧರೆಪ್ಪನ ಮಾತಲ್ಲ, ಅಣ್ಣಾಸಾಬ ಹವಾಲ್ದಾರನದು. ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತನಾಗಿ ಊರಿಗೆ ಬಂದ ಹವಾಲ್ದಾರ ಒಂದು ಚೀಲದ ತುಂಬ ನೆಗ್ಗಿದ ವಾದ್ಯಗಳನ್ನೂ ಒಂದು ಬಾಯಿ ತುಂಬ ಬೈಗುಳವನ್ನೂ ತಂದಿದ್ದ. ಕುರಿ ಕಾಯುವ ಹುಡುಗರನ್ನು, ಹೊಲ ಉಳುವವರನ್ನು, ಮಾದರ ಓಣಿಯ ದುರಗಪ್ಪನನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಕಲಿಸಿದ. ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದ ವಾದ್ಯಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಕೋಳಿಗಳು ಹೊತ್ತು ಹುಟ್ಟಿತೆಂದು ತಿಳಿದು ಮಧ್ಯಾಹ್ನವೂ ಕೂಗುತ್ತಿದ್ದವು. ದೊಡ್ಡ ಕಾರ್ಯಕ್ರಮಕ್ಕೆ ಮುಂಚೆ ಹವಾಲ್ದಾರ ಒಬ್ಬೊಬ್ಬರ ವಾದ್ಯವನ್ನೂ ಇಸಿದುಕೊಂಡು ತಾನೇ ಬಾಯಿ ಹಚ್ಚಿ ಮೊದಲ ಸ್ವರ ಊದಿ, ಹಾಗೆಯೇ, ಒರೆಸದೆ, ಹಸಿಯಾಗಿಯೇ ತಿರುಗಿ ಕೊಡುತ್ತಿದ್ದ. ಅದೇ ಉಸಿರು ಕೊಡುವುದು. ಮೊದಲ ಸಲ ದುರಗಪ್ಪ ಊದಿದ್ದಕ್ಕೆ ಹವಾಲ್ದಾರ ಬಾಯಿ ಹಚ್ಚಿ, ಅದೇ ಬಾಯಿಯಿಂದ ಧರೆಪ್ಪನ ಕಾರ್ನೆಟ್ಟನ್ನು ಊದಿದಾಗ ಧರೆಪ್ಪನ ಚಿಕ್ಕಪ್ಪ ಕೋಲು ಹಿಡಿದು ಓಡಿ ಬಂದಿದ್ದ. ಹವಾಲ್ದಾರ ಕದಲಲಿಲ್ಲ. ಹಿತ್ತಾಳೆಗೆ ಎಂಜಲಿಲ್ಲೋ, ನಿನ್ನ ತಲೆಗೆ ಐತಿ ಎಂದ. ಆ ದಿನ ತನ್ನ ತುಟಿಗೆ ತಾಗಿದ ಬೆಚ್ಚಗಿನ, ಬೀಡಿ ವಾಸನೆಯ ಹಿತ್ತಾಳೆಯ ರುಚಿ ಧರೆಪ್ಪನಿಗೆ ಇನ್ನೂ ಇತ್ತು. ಅದರಿಂದಲೇ ತಾನು ದೊಡ್ಡವನಾದೆ ಎಂದು ಅವನು ನಂಬಿದ್ದ. ಅಣ್ಣಾಸಾಬ ಕೆಮ್ಮುತ್ತಿದ್ದ, ಅಲ್ಲವೆ? ಹೌದು, ರಾತ್ರಿ ಹಗಲು ಕೆಮ್ಮುತ್ತಿದ್ದ. ಅದು ಬೀಡಿಯ ಕೆಮ್ಮೆಂದು ಎಲ್ಲರೂ ತಿಳಿದಿದ್ದರು. ಹಾಗಾದರೆ ಆ ರುಚಿಯಲ್ಲಿ ಇನ್ನೇನಿತ್ತು? ಧರೆಪ್ಪ ಈ ಯೋಚನೆಯನ್ನು ಟೆಂಪೋದ ಹೊಸ್ತಿಲಲ್ಲೇ ಬಿಟ್ಟು ಒಳಗೆ ಹತ್ತಿದ, ಆದರೆ ಅದು ಅವನಿಗಿಂತ ಮೊದಲೇ ಹತ್ತಿ ಒಳ್ಳೆಯ ಜಾಗ ಹಿಡಿದು ಕುಳಿತಿತ್ತು.

ಟೆಂಪೋದಲ್ಲಿ ಕೆಂಪು ಕೋಟುಗಳು ತುಂಬಿದ್ದವು. ದುರಗಪ್ಪ ಹಿಂದಿನ ಮೂಲೆಯಲ್ಲಿ ತನ್ನ ದೊಡ್ಡ ಬೇಸನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಕುಳಿತಿದ್ದ. ಆ ವಾದ್ಯದ ಹೂವಿನಂತೆ ಅರಳಿದ ತುದಿಯೊಳಗೆ ಒಂದು ಕುರಿಮರಿ ಕಳೆದುಹೋಗಿ ಮೂರು ದಿನದ ಮೇಲೆ ಸಿಕ್ಕಿದ್ದನ್ನು ಊರೆಲ್ಲ ಬಲ್ಲದು. ಮಾಸ್ತರ ಹತ್ತಿದ್ದನ್ನು ನೋಡಿಯೂ ದುರಗಪ್ಪ ಎದ್ದು ಜಾಗ ಕೊಡಲಿಲ್ಲ. ಚಿಕ್ಕೋಡಿಯ ಕಾರ್ಯಕ್ರಮದಿಂದ ಹೀಗೆ. ಧರೆಪ್ಪ ಮುಂದೆ ಡ್ರೈವರನ ಪಕ್ಕ ಕುಳಿತು, ಕಿಟಕಿಯ ಕಡೆ ಮುಖ ಮಾಡಿ, ಬಾಯಿಗೆ ಟವೆಲು ಹಚ್ಚಿಕೊಂಡ. ಧೂಳು ಎಂದು ಯಾರೂ ಕೇಳದೆಯೇ ಹೇಳಿದ.

ನಿಪ್ಪಾಣಿಯಲ್ಲಿ ಟವೆಲು ಬೇಕಾಗಿರಲಿಲ್ಲ. ಅಲ್ಲಿ ಊರಿಗೆ ಊರೇ ಕೆಮ್ಮುತ್ತಿತ್ತು. ತಂಬಾಕಿನ ವಖಾರಿಗಳ ಘಾಟು ಗಾಳಿಯಲ್ಲಿ ಎಷ್ಟು ದಪ್ಪಗಿತ್ತೆಂದರೆ ಸೀನಿದವರ ಸೀನು ಕೆಳಗೆ ಬೀಳದೆ ಅಲ್ಲಿಯೇ ನಿಲ್ಲುತ್ತಿತ್ತು. ವೇದಿಕೆಯ ಮೇಲೆ ಮಾಸ್ತರ ಕೆಮ್ಮಿದರೆ ಕೆಳಗಿನ ಸಾವಿರ ಮಂದಿ ಮರ್ಯಾದೆಗೆ ತಾವೂ ಕೆಮ್ಮಿದರು. ಕೃಷ್ಣೆಯಲ್ಲಿ ಬಿದ್ದ ಹನಿಯಂತೆ ಅವನ ಕೆಮ್ಮು ಕಳೆದೇ ಹೋಯಿತು. ಅಂಥ ಧೈರ್ಯದಲ್ಲಿ ಅವನು ಸಾಲಿನ ಉದ್ದಕ್ಕೂ ನಡೆದು ಪ್ರತಿ ವಾದ್ಯಕ್ಕೂ ಬಾಯಿ ಹಚ್ಚಿ ಉಸಿರು ಕೊಟ್ಟಿದ್ದ. ಆ ಹೊತ್ತಿನಲ್ಲಿ ಡಾಕ್ಟರ ಮಾತು ಅವನಿಗೆ ನೆನಪಿರಲಿಲ್ಲವೆಂದಲ್ಲ. ಚೆನ್ನಾಗಿ ನೆನಪಿತ್ತು. ಆರು ತಿಂಗಳು ಊದಬೇಡ, ಊಟದ ತಾಟು ಕಪ್ಪು ಬೇರೆ ಇಡು, ನಿನ್ನ ಬಾಯಿಗೆ ತಾಗಿದ್ದು ಇನ್ನೊಬ್ಬರ ಬಾಯಿಗೆ ತಾಗಬಾರದು. ತಾಟು ಎಂದಿದ್ದರು, ಕಪ್ಪು ಎಂದಿದ್ದರು. ಬೇಸು ಎಂದಿರಲಿಲ್ಲ, ಕಾರ್ನೆಟ್ಟು ಎಂದಿರಲಿಲ್ಲ. ಎಂಜಲಾಗುವ ವಸ್ತುಗಳ ಸಾಲಿನಲ್ಲಿ ಅವನ ತಲೆ ಹಿತ್ತಾಳೆಯನ್ನು ಸೇರಿಸಲೇ ಇಲ್ಲ. ಆಮೇಲೆ ಸಿದರಾಯ ಕೆಮ್ಮತೊಡಗಿದ ಮೇಲೆ, ಒಂದು ಮಧ್ಯಾಹ್ನ ಕಾರ್ನೆಟ್ಟನ್ನು ತಿಕ್ಕುತ್ತ ಕುಳಿತಾಗ, ಅದರ ಊದುವ ಬಾಯಿ ಒಂದು ಪುಟ್ಟ ಬಟ್ಟಲಿನ ಹಾಗೇ ಇದೆ ಎಂಬುದು ಅವನಿಗೆ ಮೊಟ್ಟಮೊದಲ ಬಾರಿಗೆ ಕಂಡಿತು. ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರಿಗೂ ಇಷ್ಟು ತಡವಾಗಿ ಇಷ್ಟು ಸಣ್ಣ ಸಂಗತಿ ಹೊಳೆದಿರಲಿಕ್ಕಿಲ್ಲ.

ಆದ್ದರಿಂದ ಚಿಕ್ಕೋಡಿಯಲ್ಲಿ ತುಟಿಗೆ ಗುಳ್ಳೆ ಎದ್ದಿದೆಯೆಂದು ಹೇಳಿ ಶಾಸ್ತ್ರ ಬಿಟ್ಟಿದ್ದ. ಆದರೆ ಅದೇ ತುಟಿಯಿಂದ ಕಾರ್ನೆಟ್ಟು ಊದಿದ್ದ, ಅದೂ ಎಂದಿಗಿಂತ ಜೋರಾಗಿ, ಚಿಕ್ಕೋಡಿಯ ಹಂಚುಗಳು ಜಾರುವಷ್ಟು. ಕೆಳಗಿಳಿದ ಮೇಲೆ ದುರಗಪ್ಪ ಬೇಸಿನಲ್ಲಿ ಕೂಡಿದ ನೀರನ್ನು ಬಸಿಯುತ್ತ, ಅವನ ಮುಖ ನೋಡದೆ ಕೇಳಿದ್ದ: "ಗುಳ್ಳಿ ನಿಮ್ಮ ಕಾರ್ನೆಟ್ಟಿಗಿ ನಡೀತೈತಿ, ನಮ್ಮ ಬೇಸಿಗಿ ನಡ್ಯಾಂಗಿಲ್ಲ. ಕ್ಯಾಸೆಟ್ ಬಂದ ಮ್ಯಾಲ ಎಂಜಲ ಸುರು ಆತೇನ್ರಿ ಮಾಸ್ತರ?" ಆ ಮಾತು ಧರೆಪ್ಪನ ಎದೆಯಲ್ಲಿ ಡಾಕ್ಟರು ತೋರಿಸಿದ ತೂತಿಗಿಂತ ದೊಡ್ಡ ತೂತು ಮಾಡಿತು. ಚಿಕ್ಕಪ್ಪನ ಕೋಲು ಈಗ ಧರೆಪ್ಪನ ಕೈಯಲ್ಲಿದೆ ಎಂದು ದುರಗಪ್ಪ ತಿಳಿದಿದ್ದ. ಅಲ್ಲವೆಂದು ಹೇಳಬೇಕಾದರೆ ಇರುವುದನ್ನು ಹೇಳಬೇಕು. ಇರುವುದನ್ನು ಹೇಳಿದರೆ? ಮದುವೆಯ ಮನೆಯವರು ಕ್ಷಯದ ಬ್ಯಾಂಡನ್ನು ಹಂದರದ ಹತ್ತಿರ ಸೇರಿಸುವವರಲ್ಲ. ಕ್ಯಾಸೆಟ್ಟು ಗೂಡಂಗಡಿಯಲ್ಲಿ ಬಿಸಿಲಿಗೆ ಸೊಟ್ಟಗಾಗುತ್ತದೆ. ಮತ್ತು ನಿಪ್ಪಾಣಿಯಲ್ಲಿ ಊದಿದ್ದು? ಅದನ್ನು ಯಾವ ಬಾಯಿಂದ ಹೇಳುವುದು?

ಟೆಂಪೋ ಕೃಷ್ಣೆಯ ಸೇತುವೆ ಹತ್ತಿತು. ಹಿಂದೆ ಸಿದರಾಯ ಕೆಮ್ಮಿದ, ಮತ್ತೆ ಕೆಮ್ಮಿದ.

"ಏನಲೇ ಸಿದ್ರಾಯಾ, ನಿಪ್ಪಾಣಿ ಇನ್ನೂ ಎದ್ಯಾಗ ಐತೇನ?" ಎಂದು ಯಾರೋ ನಕ್ಕರು.

"ತಂಬಾಕ ಅಲ್ಲೋ, ಅಂವ ಮಾವನ ಅಭ್ಯಾಸ ಮಾಡಾಕತ್ತಾನ," ಎಂದ ದುರಗಪ್ಪ. "ಮಾಸ್ತರ ಆಗೂದಂದ್ರ ಮೊದಲ ಕೆಮ್ಮಾಕ ಕಲೀಬೇಕ."

ಎಲ್ಲರೂ ನಕ್ಕರು. ಧರೆಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಡ್ರೈವರ ಬೆಚ್ಚಿ ಬ್ರೇಕು ಒತ್ತುವಷ್ಟು. ನಗುತ್ತ ಟವೆಲಿನೊಳಗೆ ಬಾಯಿ ಹುದುಗಿಸಿದ. ಕೆಳಗೆ ನದಿ ಯಾವ ಅವಸರವೂ ಇಲ್ಲದೆ, ದಂಡೆಯ ಕಬ್ಬಿನ ನೆರಳನ್ನು ಒಯ್ಯದೆ, ನೀರನ್ನಷ್ಟೇ ಒಯ್ಯುತ್ತಿತ್ತು. ಮಿರಜದಲ್ಲಿ ಡಾಕ್ಟರು ಎಕ್ಸರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅದರಲ್ಲಿ ಮಳೆಗಾಲದ ಈ ನದಿಯ ಮೇಲಿನ ಮೋಡಗಳೇ ಕಂಡಿದ್ದವು, ಬಿಳಿ, ಬೂದು, ನಡುವೆ ಒಂದು ಕಪ್ಪು ಕಿಂಡಿ. ಇಂಥದು ನೀವು ಬೇರೆಯವರಲ್ಲಿ ನೋಡೀರೇನ್ರಿ ಎಂದು ಧರೆಪ್ಪ ಕೇಳಿದ್ದ, ಇಲ್ಲವೆನ್ನುತ್ತಾರೆಂಬ ಭರವಸೆಯಿಂದ. ದಿನಾ ನೋಡುತ್ತೇನೆ ಎಂದರು ಡಾಕ್ಟರು. ಅಷ್ಟು ದೊಡ್ಡ ಅವಮಾನ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಅದೇ ದಿನ ಬೆಳಿಗ್ಗೆ ಅದೇ ಊರಿನ ಇನ್ನೊಂದು ಓಣಿಯಲ್ಲಿ, ಗೋಡೆಗೆಲ್ಲ ಗಾದಿ ಬಡಿದ ಕೋಣೆಯಲ್ಲಿ, 'ಗಡಿನಾಡ ಗುಡುಗು' ಕ್ಯಾಸೆಟ್ಟಿನ ಕೊನೆಯ ಧಾಟಿ ಮುದ್ರಣವಾಗಿತ್ತು. ಆ ಧಾಟಿ ಮುಗಿಯುವ ತನಕ ಅವನು ಕೆಮ್ಮನ್ನು ಹಿಡಿದ ರೀತಿ, ಅಣೆಕಟ್ಟು ನೀರನ್ನು ಹಾಗೆ ಹಿಡಿದರೆ ಐದು ತಾಲೂಕಿಗೆ ಎರಡು ಬೆಳೆ. ರೀಲು ನಿಂತ ಮೇಲೆ ಕರವಸ್ತ್ರದಲ್ಲಿ ಕೆಮ್ಮಿದ; ಬಿಳಿ ಕರವಸ್ತ್ರ ಕೋಟಿನ ಬಣ್ಣಕ್ಕೆ ತಿರುಗಿತು. ಕಿವಿಗೆ ಯಂತ್ರ ಹಾಕಿಕೊಂಡಿದ್ದ ಮನುಷ್ಯ ಗಾಜಿನ ಆಚೆಯಿಂದ ಹೆಬ್ಬೆರಳೆತ್ತಿ, ಫಸ್ಟ್ ಕ್ಲಾಸ್ ಎಂದ.

ಅಥಣಿಯಲ್ಲಿ ಹೊತ್ತು ಇಳಿಯುವ ಹೊತ್ತಿಗೆ ಮೈದಾನ ತುಂಬಿತ್ತು. ಕೊಕಟನೂರಿನಿಂದ ಚಕ್ಕಡಿಗಳು ಬಂದಿದ್ದವು, ದ್ರಾಕ್ಷಿ ತೋಟದ ಮಂದಿ ಟ್ರ್ಯಾಕ್ಟರಿನಲ್ಲಿ ಬಂದಿದ್ದರು; ಅವತ್ತು ಅಥಣಿ ತಾಲೂಕಿನಲ್ಲಿ ಮನೆ ಕಾಯಲು ನಾಯಿಗಳು ಮಾತ್ರ ಉಳಿದಿದ್ದವು, ಅವುಗಳಲ್ಲಿಯೂ ಅರ್ಧ ಬಂದುಬಿಟ್ಟಿದ್ದವು. ವೇದಿಕೆಯ ಎರಡೂ ಬದಿಯ ಧ್ವನಿವರ್ಧಕದ ಕರ್ಣೆಗಳಿಂದ ಕ್ಯಾಸೆಟ್ಟು ಒದರುತ್ತಿತ್ತು. ಧರೆಪ್ಪ ತನ್ನದೇ ಕಾರ್ನೆಟ್ಟನ್ನು ಕೇಳುತ್ತ ನಿಂತ. ಕೆಮ್ಮು ಹಿಡಿದುಕೊಂಡದ್ದು ಅದರಲ್ಲಿ ಕೇಳುತ್ತದೆಯೆ? ಕೇಳುವುದಿಲ್ಲ. ಯಾರಿಗೂ ಕೇಳುವುದಿಲ್ಲ. ಅವನಿಗೆ ಮಾತ್ರ, ಕೊನೆಯ ಏರುಸ್ವರದ ಅಡಿಯಲ್ಲಿ, ಒಂದು ಬಾಗಿಲನ್ನು ಒಳಗಿನಿಂದ ಯಾರೋ ದೂಡುತ್ತಿದ್ದ ಹಾಗಿತ್ತು.

ಕ್ಯಾಸೆಟ್ಟು ತೆಗೆಸಿದ ಅಂಗಡಿಯ ಮಾಲೀಕ ಆಬಾಸಾಹೇಬ ಅತ್ತರು ಹಚ್ಚಿಕೊಂಡು ಓಡಾಡುತ್ತಿದ್ದ. ಧರೆಪ್ಪನನ್ನು ಕಂಡವನೇ ಮೊಳಕೈ ಹಿಡಿದು ಬದಿಗೆ ಎಳೆದ.

"ಮಾಸ್ತರ, ಚಿಕ್ಕೋಡ್ಯಾಗ ಶಾಸ್ತ್ರ ಬಿಟ್ರಿ ಅಂತ. ಮಂದಿ ನನಗ ಬೈದ್ರು. 'ಉಸಿರು ಕೊಡುವ ಬ್ಯಾಂಡ್' ಅಂತ ಪೋಸ್ಟರದಾಗ ಛಾಪಿಸೇನಿ ನಾನು. ಆಜ್ ಝಾಲಂಚ್ ಪಾಹಿಜೆ, ಇವತ್ತ ಆಗಬೇಕಂದ್ರ ಆಗಬೇಕ."

"ಆಗ್ತೈತಿ, ಆಬಾಸಾಹೇಬ. ನನ್ನ ಉಸರಿಗಿ ನಿಮ್ಮ ಕರ್ಣಿ ಹಾರ್ತಾವು, ಹಗ್ಗ ಬಿಗಿ ಕಟ್ಟಸ್ರಿ."

ಹೀಗೆ ಹೇಳಿದವನು ತಾನೇ ಎಂದು ಧರೆಪ್ಪನಿಗೆ ಆಮೇಲೆ ತಿಳಿಯಿತು. ಅವನ ನಾಲಗೆ ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆ ಮೆರವಣಿಗೆ ಹೊರಡುತ್ತಿತ್ತು. ಅವನು ಹಿಂದಿನಿಂದ ಬ್ಯಾಂಡು ಹೊತ್ತುಕೊಂಡು ಬರಬೇಕು. ಮೆಟ್ಟಿಲು ಹತ್ತುವಾಗ ಅವನಿಗೆ ಬೆವರು ಬಂತು, ಜ್ವರದ ಸಂಜೆಯ ಬೆವರು. ಸುಮ್ಮನೆ ಊದಿಬಿಟ್ಟರೇನು? ತುಟಿ ತಾಗಿಸದೆ, ತಾಗಿಸಿದ ಹಾಗೆ ಮಾಡಿದರೇನು? ಸ್ವರ ಬರುವುದಿಲ್ಲ. ಹಿತ್ತಾಳೆಯ ಮುಂದೆ ನಾಟಕ ನಡೆಯುವುದಿಲ್ಲ. ಅದು ತುಟಿಯನ್ನೇ ಕೇಳುತ್ತದೆ.

ಸಾಲು ನಿಂತಿತ್ತು. ಎಂದೂ ಕೊನೆಗೆ ನಿಲ್ಲುವ ದುರಗಪ್ಪ ಅಂದು ಮೊದಲಿಗೆ ನಿಂತಿದ್ದ, ಬೇಸನ್ನು ಎದೆಯ ಮಟ್ಟಕ್ಕೆ ಎತ್ತಿ, ಅದರ ಊದುವ ಬಾಯಿಯನ್ನು ಮಾಸ್ತರನ ಬಾಯಿಯ ಎದುರಿಗೆ ಹಿಡಿದು. ಕರ್ಣೆಗಳು ನಿಂತವು. ಮೈದಾನ ಸುಮ್ಮನಾಯಿತು. ಬೇಸಿನ ಅಗಲವಾದ ಹೂವಿನಲ್ಲಿ ಧರೆಪ್ಪನಿಗೆ ತನ್ನ ಮುಖ ತಲೆಕೆಳಗಾಗಿ ಕಂಡಿತು, ಅದರ ಕೆಳಗೆ ಅಥಣಿಯ ಇಡೀ ಆಕಾಶ. ವಾದ್ಯದ ಬಾಯಿಯ ಬಟ್ಟಲು ಅವನ ತುಟಿಯಿಂದ ಗೇಣು ದೂರದಲ್ಲಿತ್ತು, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ್ದು, ಇವತ್ತಿಗಾಗಿಯೇ ಬೆಳಗಿದ್ದು. ದುರಗಪ್ಪನ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ಧರೆಪ್ಪನಿಗೆ ಸುಲಭವಾಗುತ್ತಿತ್ತು. ಸಿಟ್ಟು ಇರಲಿಲ್ಲ. ನೋಡುವಾ, ಎನ್ನುವ ಹಾಗೆ ಇತ್ತು. ಧರೆಪ್ಪ ತಿರುಗಿ ಮೈಕನ್ನು ಹಿಡಿದ.

"ಅಥಣಿ ಮಂದೀ, ಕೇಳ್ರಿ! ನನ್ನ ಎದ್ಯಾಗ ಕ್ಷಯ ಆಗೈತಿ! ಎಂಥಾ ಕ್ಷಯ? ಎಕ್ಸರೇ ನೋಡಿ ಮಿರಜ ಡಾಕ್ಟರ ಕುರ್ಚಿ ಸಹಿತ ಹಿಂದ ಬಿದ್ದಾನ! ಎದ್ಯಾಗ ಒಂದ ಕಿಂಡಿ ಬಿದ್ದೈತಿ, ಜೋಡೆತ್ತಿನ ಚಕ್ಕಡಿ ಹೊಳ್ಳಿಸಿಕೊಂಡ ಬರಬೌದು! ಕೆಂಪ ಉಚ್ಚಿ ಹೊಯ್ತೇನಿ, ನಮ್ಮ ಹಿತ್ತಲದಾಗ ಬದನೀಕಾಯಿ ಕುಂಬಳಕಾಯಿ ಆಗ್ಯಾವು! ಅದಕ್ಕ ಇವತ್ತ ನಾ ಯಾರ ವಾದ್ಯಕ್ಕೂ ಬಾಯಿ ಹಚ್ಚಾಂವಲ್ಲ!"

ಮೈದಾನ ಸಿಡಿಯಿತು. ಶಿಳ್ಳೆ, ಚಪ್ಪಾಳೆ, ಟೊಪ್ಪಿಗೆಗಳು ಮೇಲೆ ಹಾರಿದವು. "ಲೈ ಭಾರೀ, ಮಾಸ್ತರ!" ಎಂದು ಟ್ರ್ಯಾಕ್ಟರಿನ ಮೇಲಿನಿಂದ ಒಬ್ಬ ಕೂಗಿದ. "ಇನ್ನೊಂದ ಹೇಳ್ರಿ!" ಎಂದ ಇನ್ನೊಬ್ಬ. ಆಬಾಸಾಹೇಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹಿಂದೆ ಬ್ಯಾಂಡಿನ ಹುಡುಗರೂ ನಗುತ್ತಿದ್ದರು, ಸಿದರಾಯ ನಗುತ್ತ ಕೆಮ್ಮುತ್ತಿದ್ದ. ಧರೆಪ್ಪ ಮೈಕು ಹಿಡಿದು ನಿಂತೇ ಇದ್ದ. ಅವನು ಸತ್ಯವನ್ನೇ ಹೇಳಲು ಹೋಗಿದ್ದ. ಆದರೆ ಅವನ ಮನೆಯಲ್ಲಿ ಸತ್ಯಕ್ಕೆ ಹೊಲಿಸಿದ ಅಂಗಿಯೇ ಇರಲಿಲ್ಲ. ಇದ್ದದ್ದು ಜರಿಯ ಕೋಟು, ತುರಾಯಿ, ಮಿಂಚುವ ಬೂಟು. ಅವನ್ನೇ ತೊಡಿಸಿ ಕಳಿಸಿದ, ಜನ ಅದನ್ನು ಸೋಗೆಂದು ತಿಳಿದು ಚಪ್ಪಾಳೆ ಹೊಡೆದರು. ಜನ್ಮದಲ್ಲಿ ಇಷ್ಟು ದೊಡ್ಡ ಚಪ್ಪಾಳೆ ಅವನಿಗೆ ಬಿದ್ದಿರಲಿಲ್ಲ. ಇಷ್ಟು ಒಂಟಿಯಾಗಿಯೂ ಅವನು ಎಂದೂ ನಿಂತಿರಲಿಲ್ಲ.

"ಚೇಷ್ಟಾ ಸಾಕ್ರಿ," ಎಂದ ದುರಗಪ್ಪ, ಮೈಕಿಗೆ ಕೇಳದ ಹಾಗೆ. ಅವನೊಬ್ಬನೇ ನಕ್ಕಿರಲಿಲ್ಲ. ಬೇಸು ಹಾಗೆಯೇ ಎದೆಯ ಮಟ್ಟದಲ್ಲಿತ್ತು. "ಬಾಯಿ ಹಚ್ಚತೀರೋ, ಇಲ್ಲೋ?"

ಧರೆಪ್ಪ ಒಂದು ಮಾತು ಹುಡುಕಿದ. ಬಂದ ಮಾತೆಲ್ಲ ಆನೆಯಷ್ಟಿತ್ತು, ಗುಡ್ಡದಷ್ಟಿತ್ತು. ಒಂದೊಂದನ್ನೇ ಬದಿಗೆ ಸರಿಸಿದ. ಅಡಿಯಲ್ಲಿ ಬಹಳ ಸಣ್ಣದೊಂದು ಸಿಕ್ಕಿತು.

"ಐತಿ," ಎಂದ.

"ಏನ ಐತಿ?"

"ಜಡ್ಡು. ಖರೇ."

ದುರಗಪ್ಪ ಅವನ ಮುಖವನ್ನು ನೋಡಿದ. ಇಷ್ಟು ವರ್ಷ ಜೊತೆಗೆ ಬಾರಿಸಿ, ಜೊತೆಗೆ ಉಂಡು, ಚಕ್ಕಡಿಯಲ್ಲಿ ಟೆಂಪೋದಲ್ಲಿ ಜೊತೆಗೆ ನಿದ್ದೆಗೆಟ್ಟವನು, ಮಾಸ್ತರನ ಬಾಯಿಂದ ಆನೆಯಿಲ್ಲದ, ಗುಡುಗಿಲ್ಲದ ಮಾತನ್ನು ಅವತ್ತೇ ಮೊದಲು ಕೇಳಿದ. ಬೇಸು ನಿಧಾನಕ್ಕೆ ಕೆಳಗಿಳಿಯಿತು.

"ನಿಪ್ಪಾಣ್ಯಾಗ?"

"ಆವಾಗೂ ಇತ್ತು."

"ಗೊತ್ತಿತ್ತು ನಿಮಗ."

"ಗೊತ್ತಿತ್ತು. ಹಿತ್ತಾಳಿಗಿ ಎಂಜಲಿಲ್ಲ ಅಂತ..."

"ನನ್ನ ಮನ್ಯಾಗ ಸಣ್ಣ ಕೂಸೈತಿ, ಮಾಸ್ತರ," ಎಂದ ದುರಗಪ್ಪ. "ರಾತ್ರಿ ನನ್ನ ಎದಿ ಮ್ಯಾಲ ಮಲಗ್ತೈತಿ."

ಬಡಿಯುತ್ತಾನೆ ಎಂದುಕೊಂಡ ಧರೆಪ್ಪ. ಬಡಿಯಲಿ ಎಂದೂ ಅನಿಸಿತು. ಆ ಬೇಸಿನಿಂದ ಬಡಿದರೆ ಒಂದೇ ಪೆಟ್ಟಿಗೆ ಕ್ಷಯವೂ ಹೋಗುತ್ತಿತ್ತು, ಧರೆಪ್ಪನೂ ಹೋಗುತ್ತಿದ್ದ. ಕೆಳಗೆ ಜನ, ಇದೂ ಆಟದ ಒಂದು ಭಾಗವೆಂದು ತಿಳಿದು, ಕುತ್ತಿಗೆ ಚಾಚಿ ನೋಡುತ್ತಿದ್ದರು. ದುರಗಪ್ಪನ ದವಡೆ ಆಡುತ್ತಿತ್ತು. ಸಿಟ್ಟು ಅವನ ಮುಖಕ್ಕೆ ಈಗ ಬಂದಿತ್ತು, ಆದರೆ ಅದರ ಜೊತೆಗೆ ಇನ್ನೇನೋ ಅಲ್ಲಿಂದ ಹೊರಟುಹೋಗುತ್ತಿತ್ತು, ಚಿಕ್ಕೋಡಿಯಿಂದ ಅಲ್ಲಿ ಗಂಟು ಹಾಕಿಕೊಂಡು ಕುಳಿತದ್ದು. ಎರಡನ್ನೂ ಒಂದೇ ಮುಖದಲ್ಲಿ ನೋಡುವುದು ಧರೆಪ್ಪನಿಗೆ ಕಷ್ಟವಾಯಿತು.

"ಕೆಳಗ ಇಳೀರಿ," ಎಂದ ದುರಗಪ್ಪ.

"ಏನಂದಿ?"

"ಸ್ಟೇಜ ಬಿಟ್ಟ ಇಳೀರಿ ಅಂದ್ನಿ. ನಾಳಿ ಮುಂಜಾನಿ ಗಾಡಿಗಿ ಎಲ್ಲಾರ್ನೂ ಮಿರಜಕ್ಕ ಕರಕೊಂಡ ಹೋಗಾವ್ರು ನೀವ. ನನ್ನ ಕೂಸನ್ನೂ. ಅಲ್ಲಿ ಬೇಕಾದ್ದ ಬಡಾಯಿ ಕೊಚ್ಚರಿ. ಇವತ್ತ ಬಾಯಿ ಮುಚಕೊಂಡ ಇಳೀರಿ."

"ಕಾರ್ನೆಟ್ ಯಾರು?"

"ಸಿದ್ರಾಯ ಅದಾನ."

"ಅಂವಗೂ ಕೆಮ್ಮ..."

"ಅಂವ ತನ್ನ ಕಾರ್ನೆಟ್ ತಾ ಊದ್ತಾನ. ಇಳೀರಿ ಅಂದ್ರ."

ಧರೆಪ್ಪ ಇಳಿದ. ಮೆಟ್ಟಿಲುಗಳ ಬಳಿ ಆಬಾಸಾಹೇಬ ಅಡ್ಡ ಬಂದು, ಮಾಸ್ತರ, ಹೇ ಕಾಯ್, ಇದೇನ, ಎಂದು ಕೈ ಚಾಚಿದ. ಧರೆಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಆ ಕೈಯ ಕೆಳಗೆ ನುಸುಳಿ, ಜನರ ನಡುವೆ ಚಾಪೆಯ ತುದಿಗೆ ಜಾಗ ಮಾಡಿಕೊಂಡು ಕುಳಿತ. ಕೆಂಪು ಕೋಟಿನ ಮನುಷ್ಯ ಬಿಳಿ ಅಂಗಿಗಳ ನಡುವೆ ಮದುವೆಗೆ ಬಂದ ತಪ್ಪು ಮದುಮಗನಂತಿದ್ದ. ಮೇಲೆ ದುರಗಪ್ಪ ಬೇಸನ್ನು ಹೆಗಲಿಗೆ ಹಾಕಿ, ತನ್ನದಕ್ಕೆ ತಾನೇ ಬಾಯಿ ಹಚ್ಚಿ, ಒಂದು ಸ್ವರ ಊದಿದ. ಆಮೇಲೆ ಸಾಲಿನ ಕಡೆ ತಿರುಗಿ ಹೇಳಿದ, ಈ ಸಲ ಮೈಕಿಗೆ ಕೇಳುವ ಹಾಗೆ: "ಅವರವರ್ದ ಅವರವ್ರ ಊದ್ರಲೇ. ಯಾರ ಉಸರಿಗೂ ಕಾಯಬ್ಯಾಡ್ರಿ." ಎಲ್ಲರೂ ಒಟ್ಟಿಗೆ ಊದಿದರು, ಒಂದಕ್ಕೊಂದು ಹೊಂದದೆ, ಹಸಿಯಾಗಿ, ಒಬ್ಬೊಬ್ಬನದೂ ಒಂದೊಂದು ಎತ್ತರ. ಅಷ್ಟು ಕೆಟ್ಟ ಸ್ವರವನ್ನು ಧರೆಪ್ಪ ತನ್ನ ಬ್ಯಾಂಡಿನಿಂದ ಎಂದೂ ಕೇಳಿರಲಿಲ್ಲ. ಎದ್ದು ಬೈಯಬೇಕೆಂದು ಮಂಡಿ ಊರಿದ. ಅಷ್ಟರಲ್ಲಿ ಡ್ರಮ್ಮು ಬಿತ್ತು, ಧಾಟಿ ಹೊರಟಿತು.

ಸಿದರಾಯ ಮೊದಲ ಸಾಲನ್ನು ಮಾವ ಕಲಿಸಿದ ಹಾಗೆಯೇ ಊದಿದ. ಎರಡನೆಯ ಸಾಲಿನ ನಡುವೆ ಅವನಿಗೆ ಕೆಮ್ಮು ಬಂತು, ಕಾರ್ನೆಟ್ಟು ನಿಂತಿತು. ಧರೆಪ್ಪನ ತುಟಿ ತಾನಾಗಿಯೇ ಬಿಗಿಯಿತು, ಬೆರಳುಗಳು ತೊಡೆಯ ಮೇಲೆ ಗುಂಡಿ ಒತ್ತಿದವು. ಆ ಖಾಲಿಯೊಳಗೆ ದುರಗಪ್ಪನ ಬೇಸು ನುಗ್ಗಿತು, ಬೇಸಿನ ಕೆಲಸವೇ ಅಲ್ಲದ ಧಾಟಿಯನ್ನು ಎತ್ತಿಕೊಂಡು, ಕೋಣವೊಂದು ಎತ್ತಿನ ಓಟಕ್ಕೆ ಇಳಿದ ಹಾಗೆ, ಮೈದಾನದ ನೆಲ ಅದುರುವಂತೆ ನಾಲ್ಕು ಹೆಜ್ಜೆ ನಡೆಸಿತು. ಅಷ್ಟರಲ್ಲಿ ಸಿದರಾಯ ಸುಧಾರಿಸಿಕೊಂಡು ಮತ್ತೆ ಸೇರಿದ, ಆದರೆ ಬಿಟ್ಟ ಕಡೆಯಿಂದಲ್ಲ. ಬೇಸು ತಂದು ನಿಲ್ಲಿಸಿದ ಕಡೆಯಿಂದ, ಧರೆಪ್ಪ ಎಂದೂ ಹೋಗದ ದಾರಿಯಲ್ಲಿ.

"ಯಾಕ್ರಿ ಮಾಸ್ತರ, ಕೆಳಗ ಕುಂತೀರಿ?" ಎಂದು ಪಕ್ಕದವನು ಕೇಳಿದ. ಹತ್ತಿರದ ಅನಂತಪುರದ ರೈತ, ಟೊಪ್ಪಿಗೆಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದ.

"ಕ್ಷಯ ಆಗೈತಿ," ಎಂದ ಧರೆಪ್ಪ ಟವೆಲಿನೊಳಗಿನಿಂದ. ಎರಡನೆಯ ಸಲ ಹೇಳುವುದು ಸುಲಭವಾಗಿತ್ತು.

ರೈತ ನಗಲು ಬಾಯಿ ತೆರೆದ. ಮಾಸ್ತರನ ಮುಖ ನೋಡಿ ಮುಚ್ಚಿದ. ಧೋತರ ಎಳೆದುಕೊಂಡು ಒಂದು ಮೊಳ ಆಚೆ ಸರಿದ; ತನ್ನ ಆಚೆಯವನ ಕಿವಿಯಲ್ಲಿ ಏನೋ ಅಂದ, ಅವನೂ ಸರಿದ. ಹಿಂದಿನವರು ಎದ್ದು ಬೇರೆ ಕಡೆ ಹೋದರು. ಮುಂದಿನ ಹೆಂಗಸೊಬ್ಬಳು ತನ್ನ ಮಗುವನ್ನು ಮಡಿಲಿಗೆಳೆದುಕೊಂಡಳು. ಹೊಲದ ನಡುವೆ ಕಣ ಬಿಟ್ಟ ಹಾಗೆ ಧರೆಪ್ಪನ ಸುತ್ತ ಚಾಪೆ ಬರಿದಾಯಿತು. ಅವನ ಕಿವಿ ಸುಟ್ಟಿತು. ನಾಳೆ ಐದು ತಾಲೂಕಿಗೂ ಈ ಸುದ್ದಿ ಅವನ ಕಾರ್ನೆಟ್ಟಿಗಿಂತ ದೂರ ಕೇಳುತ್ತದೆ, ಕುಡಚಿಯ ಎಮ್ಮೆ ಹಾಲು ಬತ್ತಿಸಿಕೊಳ್ಳುತ್ತದೆ. ಆಗಲಿ. ತುಂಬಿದ ಮೈದಾನದಲ್ಲಿ ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡು ಕುಳಿತ ಜನರನ್ನು ಅವನು ಸುತ್ತ ನೋಡಿದ. ಅವತ್ತು ಅಥಣಿಯಲ್ಲಿ ದ್ರಾಕ್ಷಿ ತೋಟದ ಧಣಿಗಳಿಗೂ ಇಷ್ಟು ಜಾಗ ಸಿಕ್ಕಿರಲಿಲ್ಲ.

ಮೇಲೆ ಸಿದರಾಯ ಕೊನೆಯ ಏರುಸ್ವರಕ್ಕೆ ಹತ್ತುತ್ತಿದ್ದ. ಬೀಳ್ತಾನ ಮಗ, ಎಂದುಕೊಂಡ ಧರೆಪ್ಪ. ಬೀಳಲಿಲ್ಲ. ಧರೆಪ್ಪ ಕೆಂಪು ಕೋಟು ಬಿಚ್ಚಿ ಮಡಿಸಿ ಮೊಳಕೈ ಕೆಳಗೆ ಇಟ್ಟುಕೊಂಡು, ಎರಡೂ ಕಾಲನ್ನು ಉದ್ದಕ್ಕೆ ಚಾಚಿ, ಊದದೆಯೇ ತನ್ನ ಬ್ಯಾಂಡನ್ನು ಕೇಳತೊಡಗಿದ.